ವ್ಯಾಯಾಮ ಮಾಡುವವರು ಎಷ್ಟು ಉಣ್ಣಬೇಕು?

ನಮ್ಮ ಹಳೆಯ ವಿದ್ಯಾರ್ಥಿನಿಯರು ವರುಷಕ್ಕೊಮ್ಮೆ ಶಾಲೆಯಲ್ಲಿ ಕೂಡಿದಾಗ ಒಬ್ಬರನ್ನೊಬ್ಬರು ಮೊದಲು ಕೇಳುವ ಪ್ರಶ್ನೆಯು ಹಿಂದೆ ಮಕ್ಕಳ ವಿಷಯವಾಗಿತ್ತು. ಈಚೆಗೆ ಅದು ತೂಕದ ವಿಷಯವಾಗಿದೆ. ಇದರಲ್ಲಿ ನಗತಕ್ಕದ್ದು ಸ್ವಲ್ಪ ಇದ್ದರೂ ನಿಂದಿಸತಕ್ಕದ್ದು ಏನೂ ಇಲ್ಲ. ಯಾಕಂದರೆ ಮಿತಿಮೀರಿದ ತೂಕದಿಂದ ಸಿಹಿಮೂತ್ರ ರೋಗವೂ ರಕ್ತದ ಒತ್ತಡವೂ ಮೊಣಕಾಲಿನ ನೋವೂ ಹೆಚ್ಚುವವೆಂಬದು ಎಲ್ಲರಿಗೂ ತಿಳಿದ ಸಂಗತಿ. ಮುಂಜಾನೆ ಎದ್ದು ನಡೆಯುವ ತಾಯಂದಿರನ್ನು ಕಂಡರೆ ನಮಗೆ ಸಂತೋಷವೇ. ಆದರೆ ನಡೆಯಲು ಆರಂಭಿಸಿದ ದಿನವೇ ಊಟವನ್ನು ಅರ್ಧಕ್ಕೆ ಇಳಿಸುವದು, ತೂಕ ಇಳಿಯುವದು ನಿಂತೊಡನೆ ಉಳಿದ ಅರ್ಧದಲ್ಲಿಯೂ ಅರ್ಧವನ್ನು ಬಿಡುವದು, ಈ ಅಭ್ಯಾಸವು ನಮ್ಮ ಮನೆಗಳಲ್ಲಿ ಬೇರೂರುತ್ತಾ ಇದೆ. ದೇಹವನ್ನು ಹೆಚ್ಚಾಗಿ ದುಡಿಸುವವರು ಎಷ್ಟು ಉಣ್ಣಬೇಕು, ಸಾಕಷ್ಟು ಉಣ್ಣದಿದ್ದರೆ ಏನಾಗುವದು ಎಂಬದನ್ನು ವಿವರಿಸುವದಕ್ಕಾಗಿ ಈ ಲೇಖನವನ್ನು ಬರೆದಿದ್ದೇವೆ.

ಬರೆಯುವದಕ್ಕೆ ಕಾರಣವಾದ ಸಂಗತಿಯನ್ನು ಮರೆಮಾಡದೆ ಹೇಳುವದು ಒಳ್ಳೇದು. ಕಳೆದ ಚಳಿಗಾಲದಲ್ಲಿ ಒಂಬತ್ತನೆಯ ತರಗತಿಯ ಬಾಲಿಕೆಯರನ್ನು ಸಕ್ರೆಬೈಲಿನ ಆನೆಬಿಡಾರಕ್ಕೆ ಕರೆದುಕೊಂಡು ಹೋಗಿದ್ದೆವು. ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿ ಸುಮಾರು 14 ಕಿಲೋಮೀಟರು ದೂರದಲ್ಲಿ, ಗಾಜನೂರು ಅಣೆಕಟ್ಟಿನ ಹಿನ್ನೀರಿನ ದಡದಲ್ಲಿರುವ ಈ ಸ್ಥಳವನ್ನು ನಮ್ಮ ವಾಚಕರಲ್ಲಿ ನೋಡದವರು ವಿರಳ. ರಾತ್ರಿ ಕಾಡಿನಲ್ಲಿ ಮೇಯಲು ಬಿಟ್ಟ ಆನೆಗಳನ್ನು ಮಾವುತರೂ ಕಾವಾಡಿಗಳೂ ಬೆಳಿಗ್ಗೆ ಕರೆತಂದು, ತುಂಗೆಯ ನೀರಿನಲ್ಲಿ ಮಲಗಿಸಿ ಮೈಯುಜ್ಜಿ, ಆಮೇಲೆ ಭತ್ತವನ್ನೂ ಬೆಲ್ಲವನ್ನೂ ಹುಲ್ಲಿನಲ್ಲಿ ಸುತ್ತಿ ಕಟ್ಟಿದ ಕುಸುರೆಯನ್ನು ಒಂದೊಂದಾಗಿ ಬಾಯಿಗಿಡುವರು. ಬಾಲಿಕೆಯರು ಇದನ್ನು ನೋಡುತ್ತಾ ನಿಂತಿರುವಾಗ ಅವರಲ್ಲಿ ಒಬ್ಬಳು ಸದ್ದಿಲ್ಲದೆ ಕುಸಿದು ಬಿದ್ದಳು.

ನೆರಳಿಗೆ ಸಾಗಿಸಿ ಮುಖಕ್ಕೆ ನೀರು ತಟ್ಟಿದ ಮೇಲೆ ಅವಳು ಕಣ್ಣು ತೆರೆದಳು. ವಯಸ್ಸಾದ ಒಬ್ಬ ಕಾವಾಡಿಯು ಹತ್ತಿರ ಬಂದು, "ಅಮ್ಮಾ, ಮಗು ಬೆಳಿಗ್ಗೆ ಏನು ತಿಂದಿತ್ತು?" ಎಂದು ಕೇಳಿದನು. ನಮಗೆ ಉತ್ತರ ತಿಳಿಯದು. ಹುಡುಗಿಯೇ ಮೆಲ್ಲಗೆ, "ನಿಂಬೆಹಣ್ಣಿನ ನೀರು" ಎಂದಳು. ಅವನು ಕುಸುರೆಗೆಂದು ಇಟ್ಟಿದ್ದ ಬೆಲ್ಲದಿಂದ ಒಂದು ಚೂರನ್ನು ಮುರಿದು ಅವಳ ಕೈಯಲ್ಲಿಟ್ಟು, "ಕೆಲಸ ಹೇಳೋ ಆನೆಗೆ ನಾವು ಕುಸುರೆ ತಪ್ಪಿಸೋದಿಲ್ಲಮ್ಮಾ" ಎಂದು ನಮ್ಮ ಕಡೆಗೆ ನೋಡಿ ಹೇಳಿದನು.

ವಿಚಾರಿಸಿದಾಗ ತಿಳಿದದ್ದೇನಂದರೆ, ಆಕೆಯು ನಾಲ್ಕು ತಿಂಗಳಿಂದ ಪ್ರತಿದಿನವೂ ಬೆಳಿಗ್ಗೆ 5 ಗಂಟೆಗೆ ಎದ್ದು ಮುಕ್ಕಾಲು ಗಂಟೆ ಓಡುತ್ತಿದ್ದಳು. ಮಧ್ಯಾಹ್ನದ ಬುತ್ತಿಯನ್ನು ಗೆಳತಿಯರಿಗೆ ಹಂಚುತ್ತಿದ್ದಳು. ರಾತ್ರಿ ಒಂದು ಚಪಾತಿಯನ್ನೂ ಸೌತೆಕಾಯಿಯನ್ನೂ ತಿಂದು ಮಲಗುತ್ತಿದ್ದಳು. 9 ಕಿಲೋ ಇಳಿದಿದ್ದಳು. ಮೂರು ತಿಂಗಳಿಂದ ಋತುಧರ್ಮವು ನಿಂತಿತ್ತು, ಅದನ್ನು ತಾಯಿಗೂ ಹೇಳಿರಲಿಲ್ಲ. ಇದಕ್ಕಿಂತ ನಮ್ಮನ್ನು ಹೆಚ್ಚು ನೋಯಿಸಿದ ಸಂಗತಿ ಮತ್ತೊಂದುಂಟು. ಎರಡು ವಾರಗಳ ಹಿಂದೆ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲಾ ಬಾಲಿಕೆಯರ ಮುಂದೆ ಆಕೆಯನ್ನು ನಿಲ್ಲಿಸಿ, ಈಕೆಯ ಶಿಸ್ತನ್ನು ನೋಡಿ ಕಲಿಯಿರಿ ಎಂದು ಹೇಳಿದವರು ನಾವೇ.

ಈಗ ವಿಷಯಕ್ಕೆ ಬರೋಣ. ಒಂದು ಕಿಲೋ ನೀರಿನ ಶಾಖವನ್ನು ಒಂದು ಡಿಗ್ರಿಯಷ್ಟು ಏರಿಸಲು ಬೇಕಾದ ಉಷ್ಣಕ್ಕೆ ಆಹಾರಶಾಸ್ತ್ರದಲ್ಲಿ ಒಂದು ಕ್ಯಾಲೊರಿ ಎನ್ನುವರು. ಕಟ್ಟಿಗೆಯು ಒಲೆಯಲ್ಲಿ ಉರಿಯುವ ಹಾಗೆ ಅನ್ನವು ದೇಹದಲ್ಲಿ ಉರಿದು ಶಕ್ತಿಯನ್ನು ಕೊಡುವದರಿಂದ ಆಹಾರವನ್ನು ಈ ಅಳತೆಯಿಂದ ಅಳೆಯುವದುಂಟು. ನಾವು ಹಾಸಿಗೆಯಲ್ಲಿ ಸುಮ್ಮನೆ ಮಲಗಿದ್ದರೂ ಹೃದಯವು ಬಡಿಯುವದು, ಶ್ವಾಸವು ಆಡುವದು, ಮಿದುಳು ಕೆಲಸ ಮಾಡುವದು, ಮೈಯು ಬೆಚ್ಚಗಿರುವದು. 55 ಕಿಲೋ ತೂಕದ ಸ್ತ್ರೀಗೆ ಇಷ್ಟಕ್ಕೇ ದಿನಕ್ಕೆ ಸುಮಾರು 1,100ರಿಂದ 1,200 ಕ್ಯಾಲೊರಿ ಬೇಕು. ಮನೆಯ ಬಾಗಿಲನ್ನು ತೆರೆಯುವ ಮೊದಲೇ ಆಗುವ ಖರ್ಚು ಇದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಗೊತ್ತುಮಾಡಿದ ಪ್ರಕಾರ, ಹೆಚ್ಚಾಗಿ ಕುಳಿತಿರುವ ಸ್ತ್ರೀಗೆ ದಿನಕ್ಕೆ 1,660, ಮಧ್ಯಮ ದುಡಿಮೆಯವಳಿಗೆ 2,130, ಕಷ್ಟದ ದುಡಿಮೆಯವಳಿಗೆ 2,720 ಕ್ಯಾಲೊರಿ ಅವಶ್ಯ. ಬೆಳೆಯುವ ಬಾಲಿಕೆಗೆ ಹೆಚ್ಚು ಬೇಕು: 13ರಿಂದ 15 ವರುಷದವಳಿಗೆ 2,400, 16ರಿಂದ 18 ವರುಷದವಳಿಗೆ 2,500. ನಮ್ಮ ಹುಡುಗಿಯು ತಿನ್ನುತ್ತಿದ್ದದ್ದನ್ನು ಕೂಡಿಸಿ ನೋಡಿದಾಗ ಅದು ಇದರ ಮೂರರಲ್ಲೊಂದು ಪಾಲನ್ನೂ ಮುಟ್ಟಲಿಲ್ಲ. ತಾಯಿಯು ತನಗಿಂತ ಹದಿನಾಲ್ಕು ವರುಷದ ಮಗಳು ಹೆಚ್ಚು ಉಂಡರೆ ಬೆರಗಾಗಬಾರದು; ಹಾಗೆ ಉಣ್ಣುವದೇ ಸರಿ.

ತೂಕವನ್ನು ಇಳಿಸಬೇಕಾದರೆ ಖರ್ಚಿಗಿಂತ ಕಡಿಮೆ ಉಣ್ಣಬೇಕೆಂಬದು ಸುಳ್ಳಲ್ಲ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುವದು. ದಿನಕ್ಕೆ 500ರಷ್ಟು ಕೊರತೆ ಮಾಡಿದರೆ ವಾರಕ್ಕೆ ಅರ್ಧ ಕಿಲೋದ ಹತ್ತಿರ ಇಳಿಯುವದು. ದಿನಗಳು ಕಳೆದ ಹಾಗೆ ಅಷ್ಟೂ ಇಳಿಯದು. ಇಲ್ಲಿಯೇ ಅವಸರದವರು ಎಡವುವರು. 500ರ ಕೊರತೆಯಿಂದ ಅರ್ಧ ಕಿಲೋ ಇಳಿದರೆ 1,500ರ ಕೊರತೆಯಿಂದ ಒಂದೂವರೆ ಕಿಲೋ ಇಳಿಯಬೇಕಷ್ಟೆ ಎಂದು ಅವರು ಲೆಕ್ಕ ಹಾಕುವರು. ಲೆಕ್ಕವು ಸರಿ, ಆದರೆ ದೇಹವು ನಮ್ಮ ಲೆಕ್ಕದ ಪುಸ್ತಕವನ್ನು ಓದುವದಿಲ್ಲ. ಬರುವದು ತೀರಾ ಕಡಿಮೆಯಾದಾಗ ಅದು ಬರಗಾಲ ಬಂತೆಂದು ತಿಳಿದು ಖರ್ಚನ್ನು ಮೊಟಕುಮಾಡುವದು. ನಾಡಿಯು ನಿಧಾನವಾಗುವದು, ಕೈಕಾಲು ತಣ್ಣಗಾಗುವದು, ಕೂದಲು ಉದುರುವದು, ನಮಗೆ ತಿಳಿಯದ ಹಾಗೆಯೇ ನಾವು ಏಳುವದೂ ತಿರುಗಾಡುವದೂ ಕಡಿಮೆಯಾಗುವದು. ಕೊಬ್ಬಿನ ಜೊತೆಯಲ್ಲಿ ಮಾಂಸಖಂಡವೂ ಕರಗುವದು. ಇಷ್ಟಾಗಿ ತೂಕದ ಮುಳ್ಳು ನಿಂತಲ್ಲಿಯೇ ನಿಂತರೆ, ಇನ್ನೂ ಹೆಚ್ಚು ಉಪವಾಸ ಬೇಕೆಂದು ಆ ಬಡಪಾಯಿಯು ತಿಳಿಯುವಳು.

ಇದನ್ನು ಪರೀಕ್ಷಿಸಿ ನೋಡಿದವರುಂಟು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೇರಿಕದ ಮಿನೆಸೋಟಾ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿದ್ವಾಂಸರು 36 ಮಂದಿ ಆರೋಗ್ಯವಂತ ಯುವಕರನ್ನು ಆರಿಸಿಕೊಂಡರು. ಇವರು ಮನಸ್ಸಾಕ್ಷಿಯ ನಿಮಿತ್ತ ಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪದವರು. ಅನೇಕರು ಕ್ವೇಕರ್, ಮೆನೊನೈಟ್, ಬ್ರೆದ್ರೆನ್ ಸಭೆಗಳಿಗೆ ಸೇರಿದ ಕ್ರೈಸ್ತರು. ಯುದ್ಧದಿಂದ ಹಸಿದ ಯೂರೋಪಿನ ಜನರಿಗೆ ಹೇಗೆ ಉಣಿಸಬೇಕೆಂಬದು ತಿಳಿಯಲಿ ಎಂದು ತಾವೇ ಹಸಿಯಲು ಮುಂದೆ ಬಂದರು. 24 ವಾರ ಅವರಿಗೆ ಅಭ್ಯಾಸದ ಊಟದ ಸುಮಾರು ಅರ್ಧದಷ್ಟನ್ನು ಕೊಟ್ಟು, ವಾರಕ್ಕೆ 22 ಮೈಲಿ ನಡೆಯಿಸಿದರು. ತೂಕದಲ್ಲಿ ಕಾಲುಪಾಲು ಇಳಿಯಿತು. ವಿಶ್ರಾಂತಿಯಲ್ಲಿ ದೇಹವು ಮಾಡುವ ಖರ್ಚು ನೂರಕ್ಕೆ 40ರ ಹತ್ತಿರ ಕುಗ್ಗಿತು. ಬೇಸಿಗೆಯಲ್ಲಿಯೂ ಚಳಿಯೆನ್ನುತ್ತಿದ್ದರು, ನಗು ಹೋಯಿತು, ಸಿಡುಕು ಬಂತು, ಹಗಲಿರುಳು ಊಟದ ಯೋಚನೆಯೇ. ಅಡಿಗೆಯ ಪುಸ್ತಕಗಳನ್ನು ಕೂಡಿಸಿ ಓದುವ ಹುಚ್ಚು ಕೆಲವರಿಗೆ ಹಿಡಿಯಿತು. ಮತ್ತೆ ಊಟ ದೊರೆತಾಗ ಕೊಬ್ಬು ಬೇಗನೆ ಬಂತು, ಮಾಂಸಖಂಡವು ತಡವಾಗಿ ಬಂತು. ಇಂಥ ಸಿಡುಕನ್ನೂ ಮಂಕುತನವನ್ನೂ ಮನೆಯ ಹುಡುಗಿಯಲ್ಲಿ ಕಂಡಾಗ ನಾವು ಸ್ವಭಾವದ ದೋಷವೆಂದು ಗದರುವೆವು.

ಸ್ತ್ರೀಯರ ವಿಷಯದಲ್ಲಿ ವಿಶೇಷವಾಗಿ ತಿಳಿಯತಕ್ಕದ್ದೊಂದುಂಟು. ದೇಹದ ಕೊಬ್ಬನ್ನು ಕಳೆದು ಉಳಿದ ತೂಕದ ಪ್ರತಿ ಕಿಲೋಗೂ, ವ್ಯಾಯಾಮದ ಖರ್ಚು ಹೋಗಿ, ದಿನಕ್ಕೆ 30 ಕ್ಯಾಲೊರಿಗಿಂತ ಕಡಿಮೆ ಉಳಿದರೆ ಋತುಧರ್ಮವನ್ನು ನಡಿಸುವ ರಸಗಳ ಕ್ರಮವು ಐದೇ ದಿನಗಳಲ್ಲಿ ಏರುಪೇರಾಗುವದೆಂದು 2003ರಲ್ಲಿ ಅಮೇರಿಕದಲ್ಲಿ ಯುವತಿಯರನ್ನು ಪರೀಕ್ಷಿಸಿದವರು ಪ್ರಕಟಿಸಿದರು. ಲೆಕ್ಕವನ್ನು ಹೀಗೆ ಮಾಡಬಹುದು: 60 ಕಿಲೋ ತೂಕದವಳಲ್ಲಿ 18 ಕಿಲೋ ಕೊಬ್ಬೆಂದು ಇಟ್ಟುಕೊಂಡರೆ ಉಳಿದದ್ದು 42 ಕಿಲೋ, ಅದಕ್ಕೆ 1,260 ಕ್ಯಾಲೊರಿ, ವ್ಯಾಯಾಮಕ್ಕೆ 250 ಖರ್ಚಾದರೆ ಒಟ್ಟು 1,510. ತೂಕ ಇಳಿಸುವವಳೂ ಇದರ ಕೆಳಗೆ ಹೋಗತಕ್ಕದ್ದಲ್ಲ. ಋತುಧರ್ಮವು ನಿಂತರೆ ಎಲುಬನ್ನು ಕಾಯುವ ರಸವೂ ಕಡಿಮೆಯಾಗುವದು. ಎಲುಬಿನ ಗಟ್ಟಿತನವು ಹೆಚ್ಚಾಗಿ ಇಪ್ಪತ್ತರೊಳಗೇ ಕೂಡಿಬರುವದರಿಂದ, ಆ ಕಾಲದಲ್ಲಿ ಕಳಕೊಂಡದ್ದನ್ನು ಮುಂದೆ ಪೂರ್ತಿಯಾಗಿ ಪಡೆಯುವದು ಕಷ್ಟ. ಒಲಿಂಪಿಕ್ ಸಂಸ್ಥೆಯ ವೈದ್ಯಪಂಡಿತರು 2014ರಲ್ಲಿ ಆಟಗಾರರಿಗೆ ಬರುವ ಈ ಕೇಡುಗಳನ್ನೆಲ್ಲಾ ಒಂದೇ ವ್ಯಾಧಿಯ ಹೆಸರಿನಡಿಯಲ್ಲಿ ತಂದಿದ್ದಾರೆ. ಗಂಡಸರಿಗೂ ಅದು ಬರುವದೆಂದು ಹೇಳಿದ್ದಾರೆ.

ಕಾವಾಡಿಯ ಮಾತನ್ನು ಮರಳಿ ನೆನಸುವೆವು. ಮೈಸೂರಿನ ದಸರೆಗೆ ಕಾಡಿನ ಬಿಡಾರಗಳಿಂದ ಬರುವ ಆನೆಗಳನ್ನು ಮೊದಲು ತೂಗುವರು. ಆಮೇಲೆ ಅವು ಪ್ರತಿದಿನವೂ ಮೆರವಣಿಗೆಯ ದಾರಿಯಲ್ಲಿ ನಡೆಯಬೇಕು. 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊರಬೇಕಾದ ಆನೆಯ ಬೆನ್ನಿನ ಮೇಲೆ ಮರಳಿನ ಮೂಟೆಗಳನ್ನಿಟ್ಟು ಕ್ರಮವಾಗಿ ಭಾರವನ್ನು ಹೆಚ್ಚಿಸುವರು. ದುಡಿಮೆ ಹೆಚ್ಚಿದೊಡನೆ ಉಣಿಸೂ ಹೆಚ್ಚುವದು: ಉದ್ದು, ಹೆಸರುಕಾಳು, ಗೋಧಿ, ಕುಸುಬಲಕ್ಕಿ, ತರಕಾರಿ, ಬೆಣ್ಣೆ. ಹಬ್ಬ ಮುಗಿದು ಹಿಂದಿರುಗುವಾಗ ತೂಗಿದರೆ ಅನೇಕ ಆನೆಗಳು ನೂರಾರು ಕಿಲೋ ಹೆಚ್ಚಾಗಿರುವದುಂಟು. ಆನೆಗೆ ತೂಕ ಇಳಿಸುವ ಆಶೆ ಇಲ್ಲವೆಂದು ನಮ್ಮ ಒಬ್ಬ ಉಪಾಧ್ಯಾಯಿನಿಯು ನಕ್ಕರು, ಅದು ನಿಜವೇ. ಆದರೂ ದುಡಿಮೆಯನ್ನು ಏರಿಸುವ ವಾರದಲ್ಲಿಯೇ ಮೇವನ್ನು ಕಿತ್ತುಕೊಳ್ಳುವ ಮಾವುತನನ್ನು ನಾವು ಕಂಡದ್ದಿಲ್ಲ.

ಸತ್ಯವೇದವನ್ನು ಬಲ್ಲವರಿಗೆ ಎಲೀಯನ ಕಥೆ ನೆನಪಿಗೆ ಬರುವದು. ದಣಿದು ಸಾಯಬೇಕೆಂದು ಗಿಡದ ಕೆಳಗೆ ಮಲಗಿದ ಆ ಪ್ರವಾದಿಗೆ ದೇವದೂತನು ಮೊದಲು ಉಪದೇಶ ಮಾಡಲಿಲ್ಲ. ಕೆಂಡದಲ್ಲಿ ಸುಟ್ಟ ರೊಟ್ಟಿಯನ್ನೂ ನೀರನ್ನೂ ಇಟ್ಟು ಒಮ್ಮೆಯಲ್ಲ, ಎರಡು ಸಾರಿ ಎಬ್ಬಿಸಿ ಉಣ್ಣಹೇಳಿದನು. ಹೋರೇಬಿನ ವರೆಗೆ ನಡೆದದ್ದು ಆಮೇಲೆ. ಇದನ್ನು ಹೇಳಿದಾಗ ಹುಡುಗಿಯ ತಾಯಿಯು, ದಾನಿಯೇಲನು ಕಾಯಿಪಲ್ಯವನ್ನೇ ತಿಂದನಲ್ಲಾ ಎಂದು ಕೇಳಿದರು. ಹತ್ತು ದಿನಗಳ ಮೇಲೆ ನೋಡಿದಾಗ ಅವನು ಇತರರಿಗಿಂತ ಪುಷ್ಟನಾಗಿ ಕಂಡನೆಂದು ಅಲ್ಲಿಯೇ ಬರೆದಿರುವದನ್ನು ತೋರಿಸಿದೆವು.

ಅಡಿಗೆಯ ಮನೆಯಲ್ಲಿ ಮಾಡತಕ್ಕದ್ದು ಕಷ್ಟವಲ್ಲ. 55 ಕಿಲೋದ ಸ್ತ್ರೀಯು ಒಂದು ಗಂಟೆ ಚುರುಕಾಗಿ ನಡೆದರೆ ಆಗುವ ಖರ್ಚು ಸುಮಾರು 200 ಕ್ಯಾಲೊರಿ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಇದಕ್ಕಿಂತ ಹೆಚ್ಚು ಇರುವದು. ಆದಕಾರಣ ಕಡಿಮೆಮಾಡಬೇಕಾದದ್ದು ಕರಿದ ತಿಂಡಿ, ಸಕ್ಕರೆ, ಸಂಜೆಯ ಬೇಕರಿಯ ಪದಾರ್ಥ. ಮುದ್ದೆಯಲ್ಲ, ಕಾಳಿನ ಸಾರಲ್ಲ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 320 ಕ್ಯಾಲೊರಿಯೂ, ಅದಕ್ಕಿಂತ ಬೆಲೆಯುಳ್ಳದ್ದಾಗಿ ಎಲುಬಿಗೆ ಬೇಕಾದ ಸುಣ್ಣದ ಅಂಶವೂ ಉಂಟು. ಹುರುಳಿಕಾಳು, ಮೊಳಕೆ ಬರಿಸಿದ ಹೆಸರು, ಮೊಟ್ಟೆ, ಮೊಸರು, ತಿನ್ನುವವರಿಗೆ ಮೀನು, ಇವು ಮಾಂಸಖಂಡವನ್ನು ಉಳಿಸುವವು. ಮುಂಜಾನೆ ಓಡುವವರು ಹೊರಡುವ ಮೊದಲು ಒಂದು ಬಾಳೆಹಣ್ಣನ್ನಾದರೂ ತಿಂದು, ಬಂದ ಮೇಲೆ ಒಂದು ಗಂಟೆಯೊಳಗೆ ಸರಿಯಾದ ತಿಂಡಿಯನ್ನು ತಿನ್ನಲಿ. ರಕ್ತಹೀನತೆಯನ್ನು ಅಲಕ್ಷ್ಯಮಾಡಬಾರದು; 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವರುಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ಅದು ಇದ್ದಿತು. ಬೆಳೆಯುವ ಹುಡುಗಿಯ ತೂಕವನ್ನು ವೈದ್ಯರ ಮಾತಿಲ್ಲದೆ ಇಳಿಸಲು ಹೊರಡಲೇಬಾರದು. ಎರಡು ಮೂರು ತಿಂಗಳು ಋತುಧರ್ಮ ನಿಂತರೆ, ತಲೆಸುತ್ತು ಬಂದರೆ, ಊಟದ ಹೊತ್ತಿಗೆ ಮಗಳು ನೆಪ ಹೇಳಿ ಏಳುವದನ್ನು ಕಂಡರೆ, ತಾಯಂದಿರು ಗದರಿಸದೆ ಆಸ್ಪತ್ರೆಗೆ ಕರೆದುಕೊಂಡು ಹೋಗತಕ್ಕದ್ದು. ಇಂಥವರಲ್ಲಿ ಕೆಲವರಿಗೆ ಮನೋವೈದ್ಯರ ಸಹಾಯವೂ ಬೇಕಾಗುವದು. ಅದರಲ್ಲಿ ನಾಚಿಕೆ ಏನೂ ಇಲ್ಲ.

ಆ ಹುಡುಗಿಯು ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಐದು ತಿಂಗಳು ಓಟವನ್ನು ಬಿಡಿಸಿ, ವೈದ್ಯೆಯು ಹೇಳಿದ ಪ್ರಕಾರ ಊಟವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿದರು. ಆರನೆಯ ತಿಂಗಳಲ್ಲಿ ಋತುಧರ್ಮವು ಮರಳಿತು. ಪ್ರಾರ್ಥನೆಯ ಹೊತ್ತಿನಲ್ಲಿ ನಾವು ಹಿಂದೆ ಆಡಿದ ಮಾತು ತಪ್ಪೆಂದು ಅದೇ ಸ್ಥಳದಲ್ಲಿ, ಆಕೆಯ ಹೆಸರೆತ್ತದೆ, ಬಾಲಿಕೆಯರಿಗೆ ಹೇಳಿದೆವು. ತರಗತಿಗಳ ಗೋಡೆಗೆ ಹಚ್ಚುತ್ತಿದ್ದ ತೂಕದ ಪಟ್ಟಿಗಳನ್ನು ತೆಗೆಯಿಸಿದ್ದೇವೆ. ತೂಗುವದು ಇನ್ನು ಮೇಲೆ ದಾದಿಯ ಕೋಣೆಯಲ್ಲಿ, ಒಬ್ಬೊಬ್ಬರನ್ನಾಗಿ. ಜೂನ್ ತಿಂಗಳಿಂದ ಬೆಳಗಿನ ಡ್ರಿಲ್ಲಿಗೆ ಮುಂಚೆ ಎಲ್ಲರಿಗೂ ಒಂದು ಲೋಟ ರಾಗಿಗಂಜಿಯನ್ನು ಕೊಡಲಾಗುತ್ತದೆ. ಬೆಲ್ಲ ಕಡಿಮೆಯಾಯಿತೆಂದು ದೂರುವವರಲ್ಲಿ ಆ ಹುಡುಗಿಯೂ ಒಬ್ಬಳು.