ಸೋರಿಯಾಸಿಸ್: ಚರ್ಮದೊಡನೆ ದೇಹಕ್ಕೂ ಚಿಕಿತ್ಸೆ

ಅಟ್ಟದ ಮೇಲಿನ ಕಾಯಿಯ ಗುಣವನ್ನು ಮಟ್ಟೆ ನೋಡಿ ಹೇಳಲಾಗದೆಂದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರರು ಬಲ್ಲರು. ಸೋರಿಯಾಸಿಸ್ ಎಂಬ ಚರ್ಮರೋಗದ ವಿಷಯವೂ ಹಾಗೆಯೇ. ಹೊರಗೆ ಕಾಣುವುದು ಮಚ್ಚೆ ಮಾತ್ರ. ಒಳಗಿನ ಸ್ಥಿತಿಯನ್ನು ಪರೀಕ್ಷಿಸಿಯೇ ತಿಳಿಯಬೇಕು.

ಮೊಣಕೈ, ಮೊಣಕಾಲು, ತಲೆ, ಸೊಂಟಗಳ ಮೇಲೆ ಕೆಂಪು ಅಥವಾ ಕಪ್ಪುಮಿಶ್ರಿತ ಮಚ್ಚೆಗಳೆದ್ದು, ಬೆಳ್ಳಿಯ ಬಣ್ಣದ ಹೊಟ್ಟು ಉದುರುವುದು ಇದರ ಲಕ್ಷಣ. ದೇಹದ ರೋಗರಕ್ಷಣಾ ವ್ಯವಸ್ಥೆಯು ಹದ ತಪ್ಪಿದಾಗ, ಸುಮಾರು ಒಂದು ತಿಂಗಳಲ್ಲಿ ಬದಲಾಗಬೇಕಾದ ಚರ್ಮದ ಜೀವಕೋಶಗಳು ಕೆಲವೇ ದಿನಗಳಲ್ಲಿ ಬೆಳೆದು ರಾಶಿಗಟ್ಟುತ್ತವೆ. ಇದು ಅಂಟುರೋಗವಲ್ಲ. ರೋಗಿಗೆ ಬೇರೆ ತಟ್ಟೆ, ಬೇರೆ ಹಾಸಿಗೆ ಕೊಡುವುದು ಅನಗತ್ಯ. ಅದರಿಂದ ರೋಗಿಯ ಮನಸ್ಸು ನೋಯುವುದಷ್ಟೇ ಫಲ.

‘ರಕ್ತ ಕೆಟ್ಟಿದೆ’ ಎಂದು ಹಿರಿಯರು ಹೇಳುವುದುಂಟು. ಈ ರೋಗಕ್ಕೆ ಅದು ಕಾರಣವಲ್ಲ. ಆದರೆ ಈ ರೋಗವುಳ್ಳವರಲ್ಲಿ ಬೊಜ್ಜು, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ರಕ್ತದಲ್ಲಿನ ಕೊಬ್ಬಿನ ಏರುಪೇರು, ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುವುದು ಇವು ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತವೆ. ಹೊಟ್ಟೆಯ ಬೊಜ್ಜು ದೇಹದೊಳಗಿನ ಉರಿಯೂತವನ್ನು ಹೆಚ್ಚಿಸುತ್ತದೆ. ಆ ಉರಿಯೂತವು ಚರ್ಮವನ್ನು ಕೆರಳಿಸುವುದಲ್ಲದೆ ಹೃದಯದ ರಕ್ತನಾಳಗಳಿಗೂ ಹಾನಿ ಮಾಡಬಲ್ಲದು.

ಆದುದರಿಂದ ಮುಲಾಮು ಹಚ್ಚುವುದಕ್ಕಷ್ಟೇ ತೃಪ್ತರಾಗಬೇಡಿ. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾಗಲಿ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ ತೂಕ, ರಕ್ತದೊತ್ತಡ, ರಕ್ತದ ಸಕ್ಕರೆಗಳನ್ನು ಪರೀಕ್ಷಿಸಿಕೊಳ್ಳಿ. ಕೊಬ್ಬಿನಂಶದ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ದೋಷ ಕಂಡುಬಂದರೆ ಅದಕ್ಕೂ ಚಿಕಿತ್ಸೆ ಪಡೆಯಿರಿ. 80 ಕಿಲೋ ತೂಕದ ಸ್ಥೂಲಕಾಯರು 4ರಿಂದ 8 ಕಿಲೋ ಇಳಿಸಿದರೂ ಮಚ್ಚೆಗಳು ತಗ್ಗುವುದುಂಟು. ಔಷಧವೂ ಚೆನ್ನಾಗಿ ಫಲಿಸುತ್ತದೆ.

ಊಟದಲ್ಲಿ ಮುದ್ದೆಯ ಗಾತ್ರವನ್ನು ಇಳಿಸಿ, ಸೊಪ್ಪು, ತರಕಾರಿ, ಹುರುಳಿ, ಅವರೆಗಳನ್ನು ಹೆಚ್ಚಿಸಿ. ಕೊಬ್ಬರಿ, ಬೆಲ್ಲ, ಕರಿದ ತಿಂಡಿಗಳು ಮಿತವಾಗಿರಲಿ. ಬೀಡಿ, ಮದ್ಯಗಳನ್ನು ತ್ಯಜಿಸಿ. ಪ್ರತಿದಿನ ಬಿರುಸಾಗಿ ನಡೆಯಿರಿ. ಸ್ನಾನವಾದೊಡನೆ ಒದ್ದೆ ಮೈಗೆ ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಸವರಿದರೆ ಚರ್ಮದ ಒಣಗು, ಬಿರುಕು ಕಡಮೆಯಾಗುತ್ತವೆ. ಗಾಯವಾದ ಕಡೆ ಹೊಸ ಮಚ್ಚೆ ಏಳಬಹುದಾದ್ದರಿಂದ ಕಾಯಿ ಸುಲಿಯುವಾಗ ಕೈಕಾಲು ಜೋಪಾನ.

ಕೆಲವು ಎಚ್ಚರಿಕೆಗಳು: ವೈದ್ಯರ ಸಲಹೆಯಿಲ್ಲದೆ ಸ್ಟೀರಾಯ್ಡ್ ಮಾತ್ರೆ ನುಂಗಬೇಡಿ, ಅದನ್ನು ಥಟ್ಟನೆ ನಿಲ್ಲಿಸಿದರೆ ರೋಗ ಉಲ್ಬಣಿಸಬಹುದು. ಬೆಳಗಿನ ಹೊತ್ತು ಬೆರಳು, ಕೀಲುಗಳು ಬಿಗಿದು ನೋಯುತ್ತಿದ್ದರೆ ತಡಮಾಡದೆ ತೋರಿಸಿ. ಈ ರೋಗಕ್ಕೆ ನೀಡುವ ಮೆಥೊಟ್ರೆಕ್ಸೇಟ್ ಮುಂತಾದ ಕೆಲವು ಔಷಧಗಳು ಗರ್ಭಸ್ಥ ಶಿಶುವಿಗೆ ಹಾನಿಕರ. ಮಗು ಬಯಸುವ ದಂಪತಿಗಳು ಮೊದಲೇ ವೈದ್ಯರಿಗೆ ತಿಳಿಸಬೇಕು.

ಈ ರೋಗವನ್ನು ಬೇರುಸಹಿತ ಕೀಳುವೆವೆಂಬ ಮಾತಿಗೆ ಮರುಳಾಗಿ ಹಣ ಕಳೆದುಕೊಳ್ಳಬೇಡಿ. ಅದನ್ನು ಹತೋಟಿಯಲ್ಲಿಡಲು ಮಾತ್ರ ಖಂಡಿತ ಸಾಧ್ಯ. ಮಚ್ಚೆಗಳನ್ನು ತುಂಬು ತೋಳಿನ ಅಂಗಿಯಲ್ಲಿ ಮುಚ್ಚಿಡದೆ ಇಂದೇ ವೈದ್ಯರಿಗೆ ತೋರಿಸಿ.