ಎಂಟೇ ಎಂಟು ಫೋಟೋ, ನಾಲ್ಕು ತಾಲ್ಲೂಕು!

ಶ್ರೀರಂಗಪಟ್ಟಣ: ಮೊಬೈಲಿನಲ್ಲಿ ಗಂಟೆಗೆ ನೂರು ಫೋಟೋ ಹೊಡೆಯುವ ಕಾಲವಿದು. ಎಂಟೇ ಫೋಟೋ ತೆಗೆಯಲು ನಾಲ್ಕು ತಾಲ್ಲೂಕು ಸುತ್ತುತ್ತೇನೆ ಎಂದರೆ ಜನ ನಗದೇ ಇರುತ್ತಾರೆಯೇ? ನಕ್ಕರು. ಆದರೂ ಹೊರಟೆ.

ಇಲ್ಲಿ ಬಾಗಿಲು ಮುಚ್ಚಿರುವ ಸ್ಟುಡಿಯೋ ಒಂದರ ವಯಸ್ಸಾದ ಯಜಮಾನರು ಕೊಟ್ಟ ಕ್ಯಾಮೆರಾ ಅದು. ಜರ್ಮನಿಯ ಝೈಸ್ ಇಕಾನ್ ಕಂಪನಿಯ ಸೂಪರ್ ಇಕೋಂಟಾ, 1930ರ ದಶಕದ ಮಾಲು. ಬಿಚ್ಚಿದರೆ ಹಾರ್ಮೋನಿಯಂ ತಿದಿಯಂತೆ ಮುಂದಕ್ಕೆ ಚಾಚುತ್ತದೆ. 120 ನಂಬರಿನ ರೋಲಿಗೆ 6×9 ಸೆಂ.ಮೀ. ಅಳತೆಯ ಎಂಟೇ ಚಿತ್ರ. ಹಿಂದೆ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲಂ ಸಿಗುತ್ತಿತ್ತು. ಆ ಕಾರ್ಖಾನೆ ಮುಚ್ಚಿತು. ನನಗೆ ಸಿಕ್ಕಿದ್ದು ಇಂಗ್ಲೆಂಡಿನ ಇಲ್ಫರ್ಡ್ ರೋಲು.

ಇದರ ರೇಂಜ್‌ಫೈಂಡರ್ ಕಿಂಡಿಯಲ್ಲಿ ನೋಡಿದರೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಲೆನ್ಸ್ ಪಕ್ಕದ ಪುಟ್ಟ ಚಕ್ರ ತಿರುಗಿಸಿ ಎರಡನ್ನೂ ಒಂದು ಮಾಡಬೇಕು.

"ಎರಡು ಮೊಕ ಒಂದಾಗೋಗಂಟ ಒತ್ಬೇಡ ಕಣಪ್ಪ. ಒತ್ತಿದ್ಮೇಲೆ ರೋಲ್ ತಿರುಗ್ಸೋದ ಮರೀಬೇಡ" ಎಂದರು ಯಜಮಾನರು. ಕಣ್ಣಿಗೆ ಪೊರೆ ಬಂದು ಅವರಿಗೆ ಈಗ ಆ ಎರಡು ಒಂದಾಗುವುದೇ ಇಲ್ಲ.

ತಾಲ್ಲೂಕಿಗೆ ಎರಡರ ಲೆಕ್ಕ. ಇಲ್ಲಿ 1804ರ ವೆಲ್ಲೆಸ್ಲಿ ಸೇತುವೆ, ರಂಗನಾಥಸ್ವಾಮಿ ಗೋಪುರ. ಪಾಂಡವಪುರದಲ್ಲಿ ಕುಂತಿಬೆಟ್ಟ, ತೊಣ್ಣೂರು ಕೆರೆ. ಕೆ.ಆರ್.ಪೇಟೆಯಲ್ಲಿ ಹೊಸಹೊಳಲಿನ ಹೊಯ್ಸಳ ದೇಗುಲ, ಕಿಕ್ಕೇರಿಯ ಬ್ರಹ್ಮೇಶ್ವರ. ನಾಗಮಂಗಲದಲ್ಲಿ ಸೌಮ್ಯಕೇಶವ, ಕಂಬದಹಳ್ಳಿಯ ಬಸದಿ.

ಎಂಟೂ ಮುಗಿಯಿತೆಂದು ಹಿಂಬದಿಯ ಕೆಂಪು ಕಿಂಡಿ ನೋಡುತ್ತೇನೆ, ನಂಬರು 7! ಎಲ್ಲೋ ಒಂದು ಕಡೆ ತಿರುಗಿಸುವುದನ್ನೇ ಮರೆತಿದ್ದೆ. ಬೆಂಗಳೂರಿನಲ್ಲಿ ತೊಳೆಸಿದ ಮೇಲೆ ಗೊತ್ತಾಯಿತು: ಕುಂತಿಬೆಟ್ಟ ತೊಣ್ಣೂರು ಕೆರೆಯಲ್ಲಿ ಮುಳುಗಿತ್ತು.

ಉಳಿದ ಒಂದು ಚಿತ್ರವನ್ನು ವಾಪಸು ಬಂದು ಯಜಮಾನರದ್ದೇ ತೆಗೆದೆ. "ಊರವರ್ದೆಲ್ಲ ತೆಗೆದೆ, ನಂದ್ಯಾರೂ ತೆಗೀನಿಲ್ಲ" ಎಂದು ನಕ್ಕರು. ರೋಲಿನಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ.

ಅವರ ಹಿಂದೆ ಕಾಣುವ ತಗಡಿನ ಡಬ್ಬಿಗಳಲ್ಲಿ ನಾಲ್ಕು ದಶಕದ ನೆಗೆಟಿವ್‌ಗಳಿವೆ. ಮದುವೆ, ನಾಮಕರಣ, ಸ್ಕೂಲ್ ಗ್ರೂಪು, ಹೆಣ ಕೂರಿಸಿ ತೆಗೆದದ್ದೂ ಉಂಟು. ಒಂದು ಡಬ್ಬಿಗೆ ಆಗಲೇ ಬೂಷ್ಟು ಹಿಡಿದಿದೆ. ಗುಜರಿಯವನು ಎರಡು ಸಲ ಬಂದು ಕೇಳಿದನಂತೆ.

"ಯಾರ್ದೋ ಅವ್ವನ ಮೊಕ ಅದ್ರಲ್ಲೈತೆ. ಹೆಂಗ್ ಮಾರ್ಲಿ?"

ನಾಲ್ಕೂ ತಾಲ್ಲೂಕಿನ ಗ್ರಂಥಾಲಯಗಳಲ್ಲಿ ಇಂಥ ಡಬ್ಬಿಗಳಿಗೆ ತೇವವಿಲ್ಲದ ಒಂದೊಂದು ಬೀರು ಸಿಗಲಾರದೇ? ಅಧಿಕಾರಿಗಳು ಮನಸ್ಸು ಮಾಡಲಿ. ಅಲ್ಲಿಯವರೆಗೆ ಓದುಗರೇ, ನಿಮ್ಮೂರ ಹಳೇ ಸ್ಟುಡಿಯೋ ಬಾಗಿಲು ಒಮ್ಮೆ ತಟ್ಟಿ. ನಿಮ್ಮವ್ವನ ಮುಖವೂ ಅಲ್ಲಿರಬಹುದು.