ಕುಡಿತ ನಿಂತ ಮೂರನೆಯ ದಿನ

ಮನೋರೋಗಕ್ಕೆಂದು ಆಸ್ಪತ್ರೆ ಸೇರಿದವನೊಬ್ಬನು ಎರಡು ಮೂರು ದಿನಗಳಲ್ಲಿ ನಿದ್ರೆಗೆಟ್ಟು, ಗೋಡೆಯ ಮೇಲೆ ಹುಳುಗಳು ಹರಿಯುತ್ತಿವೆಯೆಂದು ಚೀರುತ್ತ, ಹೊದಿಕೆಯನ್ನು ಕಿತ್ತೆಸೆಯತೊಡಗಿದರೆ, ಸುತ್ತಲಿನವರ ಬಾಯಿಂದ ಮೊದಲು ಹೊರಡುವ ಮಾತು 'ಹಳೆಯ ಕಾಯಿಲೆ ಕೆರಳಿತು' ಎಂಬುದೇ. ಎಷ್ಟೋ ವೇಳೆ ಅದು ನಿಜವೂ ಹೌದು. ಆದರೆ ಆತನು ನಿತ್ಯ ವಿಪರೀತ ಕುಡಿಯುವವನಾಗಿದ್ದು, ಆಸ್ಪತ್ರೆಗೆ ಬಂದ ಕಾರಣದಿಂದಲೇ ಕುಡಿತವು ಹಠಾತ್ತನೆ ನಿಂತಿದ್ದ ಪಕ್ಷದಲ್ಲಿ, ಅದೇ ಮಾತು ಪ್ರಾಣಕ್ಕೆ ಎರವಾಗಬಲ್ಲುದು.

ಮದ್ಯವು ಮಿದುಳಿನ ಉದ್ರೇಕವನ್ನು ಬಹುಕಾಲ ಅದುಮಿಟ್ಟಿರುತ್ತದೆ. ಮಿದುಳೂ ಅದಕ್ಕೆ ಪ್ರತಿಯಾಗಿ ತನ್ನ ಉದ್ರೇಕಶಕ್ತಿಯನ್ನು ಹೆಚ್ಚಿಸಿಕೊಂಡಿರುತ್ತದೆಯಾದ್ದರಿಂದ, ಮದ್ಯ ತಪ್ಪಿದೊಡನೆ ಆ ಶಕ್ತಿ ತಡೆಯಿಲ್ಲದೆ ಹರಿಯುತ್ತದೆ. ಸಾಮಾನ್ಯವಾಗಿ ಮೊದಲ 24 ಗಂಟೆಗಳಲ್ಲಿ ಕೈನಡುಕ, ಬೆವರು, ಓಕರಿಕೆ. 48 ಗಂಟೆಗಳೊಳಗೆ ಕೆಲವರಿಗೆ ಫಿಟ್ಸ್. 48ರಿಂದ 96 ಗಂಟೆಗಳ ನಡುವೆ ಇನ್ನೂ ಕೆಲವರಿಗೆ ಆ ಘೋರ ಚಿತ್ತಭ್ರಮೆ. ಇದಕ್ಕೆ 1813ರಲ್ಲಿ 'ಡೆಲಿರಿಯಂ ಟ್ರೆಮೆನ್ಸ್' ಎಂದು ಹೆಸರಿಟ್ಟವನು ಇಂಗ್ಲೆಂಡಿನ ವೈದ್ಯ ಥಾಮಸ್ ಸಟನ್.

ಈ ಭ್ರಮೆಯನ್ನು ಹಳೆಯ ಮನೋರೋಗದಿಂದ ಬೇರ್ಪಡಿಸಿ ಗುರುತಿಸಬಹುದು. ಸ್ಕಿಜೋಫ್ರೇನಿಯಾ ಪೀಡಿತನಿಗೆ ಪ್ರಾಯಶಃ ಧ್ವನಿಗಳು ಕೇಳಿಸುವುದೇ ಹೆಚ್ಚು. ತಾನೆಲ್ಲಿರುವೆನು, ಇಂದು ಯಾವ ದಿನ ಎಂಬ ಅರಿವು ಅವನಲ್ಲಿ ಬಹುಮಟ್ಟಿಗೆ ಉಳಿದಿರುತ್ತದೆ. ಇಲ್ಲಿಯಾದರೋ ಇಲ್ಲದ್ದು ಕಣ್ಣಿಗೆ ಕಾಣುವುದು, ಮೈಮೇಲೆ ಹರಿದಂತಾಗುವುದು, ದೇಶಕಾಲಗಳ ಪರಿವೆ ತಪ್ಪುವುದು, ಇವೆಲ್ಲ ರಾತ್ರಿ ಉಲ್ಬಣಿಸುವುದು. ಜೊತೆಗೆ ಜ್ವರ, ತೀವ್ರವಾದ ನಾಡಿ, ಏರಿದ ರಕ್ತದೊತ್ತಡ. ಮನಸ್ಸು ಹೇಳುವುದನ್ನು ಆಲಿಸುವ ಮನೋವೈದ್ಯನೂ ಇಂಥ ಹೊತ್ತಿನಲ್ಲಿ ಮೊದಲು ಮಣಿಕಟ್ಟನ್ನು ಹಿಡಿದು ನೋಡಬೇಕು. ಲಕ್ಷಣಗಳನ್ನು ಅಳೆಯಲು ಅಂಕಪಟ್ಟಿಗಳಿವೆ, ದಿಟ; ಆದರೆ ಮೊದಲೇ ಆತಂಕರೋಗವಿದ್ದವನ ಅಂಕ ಅಕಾರಣವಾಗಿ ಏರುವುದುಂಟು, ಮಾತೇ ಆಡದವನ ಅಂಕ ಇಳಿಯುವುದೂ ಉಂಟು. ಹಿಂದೊಮ್ಮೆ ಕುಡಿತ ಬಿಟ್ಟಾಗ ಫಿಟ್ಸ್ ಅಥವಾ ಇಂಥ ಭ್ರಮೆ ಬಂದಿತ್ತೆಂಬ ಸಂಗತಿಯನ್ನು ಅಂಕಕ್ಕಿಂತಲೂ ಗಂಭೀರವಾಗಿ ಎಣಿಸುವುದು ಯುಕ್ತ.

ಗುರುತು ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ. ಉನ್ಮಾದ ತಗ್ಗಿಸುವ ಔಷಧಗಳನ್ನಷ್ಟೇ ಕೊಟ್ಟರೆ ಮೂಲ ಉದ್ರೇಕ ಶಮನವಾಗದು. ಅವುಗಳಲ್ಲಿ ಕೆಲವು ಫಿಟ್ಸ್‌ಗೆ ಎಡೆಗೊಡುತ್ತವೆ. ಇಲ್ಲಿ ಬೇಕಾದುದು ಡಯಜೆಪಾಮ್ ವರ್ಗದ ಔಷಧ, ಯಕೃತ್ತು ಕೆಟ್ಟಿದ್ದರೆ ಲೊರಾಜೆಪಾಮ್. ಅದರೊಡನೆ ಥಯಮಿನ್ ಚುಚ್ಚುಮದ್ದು. ಆ ಜೀವಸತ್ವದ ಕೊರತೆಯಿಂದ ಕಣ್ಣಿನ ಚಲನೆ ಕೆಟ್ಟು, ನಡಿಗೆ ತೂರಾಡಿ, ಬುದ್ಧಿ ಮಂಕಾಗುವ ವರ್ನಿಕೆ ವ್ಯಾಧಿಯು ನೆನಪಿನ ಶಕ್ತಿಯನ್ನೇ ಶಾಶ್ವತವಾಗಿ ಕಸಿದುಕೊಳ್ಳಬಲ್ಲುದು.

ಮನೆಯವರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಮಾನಕ್ಕೆ ಅಂಜಿ ಕುಡಿತದ ಸಂಗತಿಯನ್ನು ಮುಚ್ಚಿಡಬೇಡಿ. ಕಡೆಯ ಸಲ ಕುಡಿದದ್ದು ಯಾವಾಗ, ದಿನಕ್ಕೆ ಎಷ್ಟು, ಹಿಂದೆ ಫಿಟ್ಸ್ ಬಂದಿತ್ತೇ, ಇವಿಷ್ಟನ್ನು ವೈದ್ಯರು ಕೇಳದಿದ್ದರೂ ದಾಖಲಾದ ದಿನವೇ ತಾವಾಗಿ ತಿಳಿಸಿರಿ.